ಪದ ಬೇಕು: ಸೈಟೋಕೈನ್ (ಜೊತೆಗೆ ‘ರೋಗನಿರೋಧಕ ಶಕ್ತಿ’ಯ ಮೇಲೊಂದು ತಕರಾರು)

ಬಳಗದ ಎಲ್ಲರಿಗೂ ನಮಸ್ಕಾರ.

ದೇಹದ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನಿಗೆ ‘ಸೈಟೋಕೈನ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ಕೇಳಬೇಕಾದ್ದು ಇಷ್ಟೆ. ಆದರೆ ಈ ಪದದ ಬೆನ್ನು ಹತ್ತಿ ಹೋದ ನನಗೆ ಅದರ ಅಕ್ಕಪಕ್ಕದ ಪದಗಳೇ ಹೆಚ್ಚು ತೊಡಕಾಗಿ ಕಂಡವು. ಹಾಗಾಗಿ ಪತ್ರ ಉದ್ದವಾಗಿದೆ. ಪುರುಸೊತ್ತು ಮಾಡಿಕೊಂಡು ಓದಿ.

ನಾನು ಸಿಂಧನೂರಿನಲ್ಲಿ ಹೈಸ್ಕೂಲು ವಿಜ್ಞಾನದ ಮಾಸ್ತರ. ರಜೆಯಲ್ಲಿ ಅಷ್ಟಿಷ್ಟು ಅನುವಾದ ಮಾಡುತ್ತೇನೆ. ಈಗ ಕೈಯಲ್ಲಿರುವುದು ಒಂದು ಒಪ್ಪಿಗೆ ಪತ್ರ. ಇಮ್ಯುನಾಲಜಿ, ಅಂದರೆ ದೇಹ ರೋಗವನ್ನು ತಡೆಯುವ ಬಗೆಯ ವಿಜ್ಞಾನ, ಓದಿಕೊಂಡ ವಿಜ್ಞಾನಿಯೊಬ್ಬರು ರುಮಟಾಯ್ಡ್ ಕೀಲುಬೇನೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ. ರೋಗಿಗಳಿಂದ 10 ಮಿಲಿಲೀಟರ್ ರಕ್ತ ತೆಗೆದುಕೊಂಡು, ಅದರಲ್ಲಿ ಯಾವ ಬಗೆಯ ಬಿಳಿ ಕಣಗಳು ಎಷ್ಟಿವೆ, ಅವು ಯಾವ ಸೈಟೋಕೈನ್‌ಗಳನ್ನು ಎಷ್ಟು ಬಿಡುತ್ತಿವೆ ಎಂದು ಅಳೆಯುವ ಕೆಲಸ. ರಕ್ತ ಕೊಡುವವರು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ರೈತಾಪಿ ಜನ. ಅವರು ಪತ್ರವನ್ನು ಓದಿ, ಇಲ್ಲವೇ ಓದಿಸಿ ಕೇಳಿ, ತಿಳಿದುಕೊಂಡ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ನನ್ನ ಕೈಗೆ ಬರುವ ಮೊದಲು ಯಾರೋ ಯಂತ್ರಕ್ಕೆ ಹಾಕಿ ತೆಗೆದಿದ್ದ ಕನ್ನಡ ಹೀಗಿತ್ತು:

“ನಿಮ್ಮ ಪ್ರತಿರಕ್ಷಣಾ ಕೋಶಗಳ ಪ್ರತಿರಕ್ಷಣಾ ಪ್ರತಿಕ್ರಿಯೆಯನ್ನು ಸಂಸ್ಕೃತಿಯಲ್ಲಿ ಅಧ್ಯಯನ ಮಾಡಲಾಗುವುದು ಮತ್ತು ಸೈಟೋಕೈನ್ ಪ್ರೊಫೈಲ್ ಅನ್ನು ನಿರ್ಧರಿಸಲಾಗುವುದು.”

‘ಸಂಸ್ಕೃತಿಯಲ್ಲಿ’ ಅಂದರೆ ಏನೆಂದು ಮೂಲ ತೆಗೆದು ನೋಡುವ ತನಕ ನನಗೂ ಹೊಳೆಯಲಿಲ್ಲ. ಕಣಗಳನ್ನು ದೇಹದ ಹೊರಗೆ ತಟ್ಟೆಯಲ್ಲಿಟ್ಟು ಸಾಕುವುದಕ್ಕೆ ಇಂಗ್ಲಿಷಿನಲ್ಲಿ ಕಲ್ಚರ್ ಅನ್ನುತ್ತಾರೆ. ನಮ್ಮ ಬಿಳಿ ಕಣಗಳಿಗೂ ಒಂದು ಸಂಸ್ಕೃತಿ ಇದೆ ಅಂತ ತಿಳಿದು ಸಂತೋಷವಾಯಿತು.

ಅದನ್ನೆಲ್ಲ ಕಿತ್ತು ಹೊಸದಾಗಿ ಬರೆದೆ. ಬರೆದದ್ದು ತಿಳಿಯುತ್ತದೋ ಇಲ್ಲವೋ ನೋಡಲು ಮನೆಯಲ್ಲೇ ಒಬ್ಬರಿದ್ದರು, ನಮ್ಮ ಚಿಗವ್ವ. ಹನ್ನೆರಡು ವರ್ಷದಿಂದ ಅವಳಿಗೆ ಇದೇ ಬ್ಯಾನಿ. ಗೆಣ್ಣುಗಳು ಬಾತು, ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿವೆ. ರೊಟ್ಟಿ ಬಡಿಯುವುದು ಬಿಟ್ಟು ನಾಲ್ಕು ವರ್ಷವಾಯಿತು. ಅವತ್ತು ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಎರಡು ಬೆರಳು ಕೂಡಿಸಿ ಹರಳು ಹೆಕ್ಕಲು ಬರುವುದಿಲ್ಲ, ಅಂಗೈ ಅಂಚಿನಿಂದ ಮೊರದ ಬದಿಗೆ ಸರಿಸುತ್ತಾಳೆ. ನಾನು ಓದಿದೆ: “ನಿಮ್ಮ ದೇಹದ ರೋಗನಿರೋಧಕ ಶಕ್ತಿ ಅತಿಯಾಗಿ ಕೆಲಸ ಮಾಡುತ್ತಿರುವುದರಿಂದ ಈ ಕಾಯಿಲೆ ಬಂದಿದೆ.”

“ಏನು ಅತಿಯಾಗ್ಯದಂತ?”

“ಶಕ್ತಿ, ಚಿಗವ್ವ. ರೋಗ ತಡಿಯೋ ಶಕ್ತಿ.”

“ಶಕ್ತಿ ಅತಿಯಾಗಿದ್ರ ಹೊಲಕ್ಕ ಹೋಗಿ ಹತ್ತಿ ಬಿಡಿಸ್ತಿದ್ನೆಲ್ಲೋ ತಮ್ಮಾ. ಇಲ್ಲಿ ಕುಂತು ಬ್ಯಾಳಿ ಆರಿಸ್ತಿದ್ನೇನು?”

ನಗು ಬಂತು, ಆದರೆ ನಗುವ ವಿಷಯವಲ್ಲ. 2020ರಲ್ಲಿ ಇದೇ ಪದ ನಮ್ಮ ಮನೆಯಲ್ಲಿ ಒಂದು ಅನಾಹುತ ಮಾಡಿತ್ತು. ಬೆಳಗಿನಿಂದ ರಾತ್ರಿಯ ತನಕ ಟಿವಿಯಲ್ಲಿ “ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ” ಎಂಬ ಒಂದೇ ಜಪ. ಓಣಿಯಲ್ಲಿ ತಿಳಿದವರೊಬ್ಬರು ಚಿಗವ್ವನ ವಾರಕ್ಕೊಮ್ಮೆಯ ಗುಳಿಗೆ ನೋಡಿ, “ಇದು ರೋಗನಿರೋಧಕ ಶಕ್ತಿ ಕಡಿಮಿ ಮಾಡೋ ಔಷಧ ಅಲ್ರೀ?” ಅಂದರು. ಅಂದದ್ದು ಸುಳ್ಳೇನಲ್ಲ, ಮೆಥೋಟ್ರೆಕ್ಸೇಟ್ ಎಂಬ ಆ ಗುಳಿಗೆ ಮಾಡುವುದೇ ಅದನ್ನು. ಯಾರಿಗೂ ಹೇಳದೆ ಅವಳು ಗುಳಿಗೆ ನಿಲ್ಲಿಸಿದಳು. ಎರಡು ತಿಂಗಳಿಗೆ ಮಣಿಕಟ್ಟು, ಮೊಣಕಾಲು ಎಲ್ಲ ಹಿಡಿದುಕೊಂಡು ಹಾಸಿಗೆಯಿಂದ ಏಳಲು ಇಬ್ಬರು ಬೇಕಾದರು. ಗುಳಿಗೆ ಕೊಟ್ಟ ಡಾಕ್ಟರಿಗೂ ಟಿವಿಯವರಿಗೂ ಒಂದೇ ಪದ. ಒಬ್ಬರು ಇಳಿಸು ಅಂತಾರೆ, ಒಬ್ಬರು ಏರಿಸು ಅಂತಾರೆ. ಕೇಳುವವಳು ಏನು ಮಾಡಬೇಕು?

ನನ್ನ ತಕರಾರು ಇರುವುದು ಆ ‘ಶಕ್ತಿ’ಯ ಮೇಲೆ. ಶಕ್ತಿ ಎಂದ ಮೇಲೆ ಅದು ಎಷ್ಟಿದ್ದರೂ ಒಳ್ಳೆಯದೇ. ಶಕ್ತಿ ಹೆಚ್ಚಾಗಿ ಕೆಟ್ಟವರನ್ನು ನಮ್ಮ ಭಾಷೆ ಕಂಡಿಲ್ಲ. ಕಸುವು, ತಾಕತ್ತು ಅಂದರೂ ಅಷ್ಟೆ. ‘ಮೈ ಗಟ್ಟಿ ಅದ’ ಅನ್ನುವುದು ಇನ್ನೂ ಚೆಂದ, ಆದರೆ ಮೈ ಅತಿ ಗಟ್ಟಿಯಾಗಿ ಕೀಲು ಬಾತವು ಅಂದರೆ ಯಾರಿಗೆ ಅರ್ಥವಾದೀತು? ದೇಹದ ಕಣಗಳು ತಮ್ಮದೇ ಕೀಲನ್ನು ಹಗೆಯೆಂದು ಬಗೆದು ಬೀಳುವ ಕಾಯಿಲೆಗೆ ಪಠ್ಯದಲ್ಲಿ ‘ಸ್ವಯಂನಿರೋಧಕ ಕಾಯಿಲೆ’ ಅಂತಿದೆ. ಅದನ್ನು ಓದಿದ ನನ್ನ ಹತ್ತನೇ ಇಯತ್ತೆಯ ಹುಡುಗನೊಬ್ಬ, “ಸರ್, ತನ್ನಷ್ಟಕ್ಕೆ ತಾನೇ ನಿಲ್ಲೋ ಜಡ್ಡಾ?” ಅಂತ ಕೇಳಿದ. ಪದವನ್ನು ಬಿಡಿಸಿ ನೋಡಿದರೆ ಅವನು ಹೇಳಿದ್ದೇ ಸರಿ.

ಇನ್ನು ‘ನಿರೋಧಕ’. ಈ ಒಂದು ಎತ್ತಿಗೆ ಎಷ್ಟು ಬಂಡಿ ಕಟ್ಟಿದ್ದೇವೆ ನೋಡಿ. ರೋಗವನ್ನು ತಡೆಯುವುದು ರೋಗನಿರೋಧಕ. ಔಷಧಕ್ಕೆ ಬಗ್ಗದ ಟಿಬಿ ಔಷಧನಿರೋಧಕ ಕ್ಷಯ. ಟಿಎನ್ಎಫ್ ಎಂಬ ಸೈಟೋಕೈನನ್ನು ಕಟ್ಟಿಹಾಕುವ ಮದ್ದು ಟಿಎನ್ಎಫ್ ನಿರೋಧಕ. ನಂಜು ಏರದಂತೆ ಹಚ್ಚುವುದು ನಂಜುನಿರೋಧಕ. ಈ ಒಪ್ಪಿಗೆ ಪತ್ರದ ಎರಡನೇ ಪುಟದಲ್ಲಿ ಮೊದಲ ಮೂರೂ ಬರುತ್ತವೆ, ಮೂರರಲ್ಲೂ ತಡೆಯುವವರು ಬೇರೆ, ತಡೆಸಿಕೊಳ್ಳುವವರು ಬೇರೆ. ಸರಕಾರದ ಸಂತಾನನಿಯಂತ್ರಣದ ಪೊಟ್ಟಣಕ್ಕೂ ‘ನಿರೋಧ್’ ಅಂತ ಹೆಸರು ಇರುವುದರಿಂದ ಹಳ್ಳಿಯ ಹಿರಿಯರ ಮುಂದೆ ಗಟ್ಟಿಯಾಗಿ ಓದುವಾಗ ಆಗುವ ಮುಜುಗರ ಬೇರೆ.

ಇಂಗ್ಲಿಷಿನ ಇಮ್ಯೂನಿಟಿಯಲ್ಲಿ ಶಕ್ತಿಯೂ ಇಲ್ಲ, ತಡೆಯೂ ಇಲ್ಲ ಅನ್ನುವುದು ಇಲ್ಲಿನ ಹಲವರಿಗೆ ಗೊತ್ತಿರಬಹುದು. ಲ್ಯಾಟಿನಿನ ‘ಇಮ್ಯೂನಿಸ್’ ಅಂದರೆ ತೆರಿಗೆ, ಬಿಟ್ಟಿ, ಊರ ಹೊರೆ ಯಾವುದೂ ಇಲ್ಲದವನು ಅಂತ. ಇದಕ್ಕೆ ಸರಿಯಾದ ಪದ ನಮ್ಮ ಶಾಸನಗಳಲ್ಲಿ ಸಾಲುಸಾಲಾಗಿ ಇದೆ: ಸರ್ವಮಾನ್ಯ, ಸರ್ವಬಾಧಾಪರಿಹಾರ. ದೇವಸ್ಥಾನಕ್ಕೆ ಬಿಟ್ಟ ಹೊಲಕ್ಕೆ ತೆರಿಗೆ ಇಲ್ಲ, ತಂಟೆ ಇಲ್ಲ. ನಮ್ಮ ಕಡೆ ಇನಾಮ್ ಹೊಲ ಅನ್ನುತ್ತಿದ್ದುದೂ ಅದೇ ಜಾತಿಯದು. ಒಮ್ಮೆ ಸಿಡುಬು ಬಂದು ಹೋದವನಿಗೆ ಮತ್ತೆ ಬರುವುದಿಲ್ಲ, ಅವನು ಆ ರೋಗಕ್ಕೆ ಕಟ್ಟಬೇಕಾದ ತೆರಿಗೆ ಕಟ್ಟಿ ಮುಗಿಸಿದ್ದಾನೆ. ಒಳ್ಳೆಯ ಹೋಲಿಕೆ. ಹಾಗಂತ ಒಪ್ಪಿಗೆ ಪತ್ರದಲ್ಲಿ ‘ಸರ್ವಬಾಧಾಪರಿಹಾರ’ ಅಂತ ಬರೆದರೆ ಜನ ಭಂಡಾರ ಹಚ್ಚಿಕೊಂಡು ಬಂದಾರು. ಬಿಡಿ.

ನನಗೆ ಸದ್ಯಕ್ಕೆ ಒಗ್ಗಿರುವುದು ‘ಮೈಗಾವಲು’. ಈ ಪದ ಮೊದಲಿನಿಂದಲೂ ಇದೆ, ಅರಸರ ಅಂಗರಕ್ಷಕರಿಗೆ ಅನ್ನುತ್ತಿದ್ದರು. ಕಾವಲು ಸಡಿಲವಾಗಬಹುದು, ಬಿಗಿಯಾಗಬಹುದು, ಗುರುತು ತಪ್ಪಿ ಮನೆಯ ಮಗನನ್ನೇ ಬಡಿಯಬಹುದು. ‘ಕಾವಲು ಅತಿಯಾಯ್ತು’ ಅಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ ಬರೆಯಲು ಕೈ ತುರಿಸಿತು, ಬರೆಯಲಿಲ್ಲ. ಆ ಗಾದೆಯ ಬೇಲಿಗೆ ದುರಾಸೆ ಇದೆ. ಇಲ್ಲಿ ಬಿಳಿ ಕಣಗಳಿಗೆ ದುರಾಸೆ ಇಲ್ಲ, ಗುರುತು ತಪ್ಪಿದೆ ಅಷ್ಟೆ. ಗಾದೆ ಚೆಂದವಾಗಿದೆ ಅಂತ ಸಿಕ್ಕಲ್ಲೆಲ್ಲ ಸಿಕ್ಕಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಈಗ ಸೈಟೋಕೈನ್.

ಗ್ರೀಕಿನ ‘ಕೈಟೋಸ್’ ಅಂದರೆ ಪೊಳ್ಳು ಪಾತ್ರೆ, ಗಡಿಗೆ. ಜೀವಕಣಕ್ಕೆ ಅದನ್ನು ಬಳಸಿದರು. ‘ಕೈನೈನ್’ ಅಂದರೆ ಚಲಿಸುವಂತೆ ಮಾಡು. 1974ರಲ್ಲಿ ಸ್ಟ್ಯಾನ್ಲಿ ಕೊಹೆನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಈ ಪದ ಕಟ್ಟಿದರು. (1986ರಲ್ಲಿ ನೊಬೆಲ್ ಪಡೆದ ಸ್ಟ್ಯಾನ್ಲಿ ಕೊಹೆನ್ ಬೇರೆ, ಇವರು ಬೇರೆ.) ಅದಕ್ಕೂ ಮೊದಲು, 1969ರಲ್ಲಿ, ‘ಲಿಂಫೋಕೈನ್’ ಅಂತ ಇತ್ತು. ದುಗ್ಧಕಣಗಳು, ಅಂದರೆ ಲಿಂಫೋಸೈಟ್‌ಗಳು, ಬಿಡುವ ವಸ್ತು ಅಂತ ಅರ್ಥ. ಆಮೇಲೆ ನೋಡಿದರೆ ಅವು ಮಾತ್ರವಲ್ಲ, ಚರ್ಮದ ಕಣ, ರಕ್ತನಾಳದ ಗೋಡೆಯ ಕಣ ಎಲ್ಲವೂ ಇಂಥವನ್ನು ಬಿಡುತ್ತವೆ. ಹೆಸರು ಸಾಲದಾಯಿತು. ಹಾಗಾಗಿ ಲಿಂಫೋ ಹೋಗಿ ಸೈಟೋ ಬಂತು.

ಅಕ್ಷರಶಃ ಮಾಡಿದರೆ ‘ಕಣಚಾಲಕ’, ‘ಕೋಶಚಾಲಕ’. ಚಾಲಕ ಅಂದರೆ ನಮ್ಮಲ್ಲಿ ಸಾರಿಗೆ ಸಂಸ್ಥೆಯ ಬಸ್ಸಿನ ಮುಂದುಗಡೆ ಕೂತಿರುವವರು. ಕೋಶ ಅಂದರೆ ಖಜಾನೆಯೂ ಹೌದು, ನಿಘಂಟೂ ಹೌದು. ‘ಸೆಲ್’ ಅಂತಲೇ ಬರೆದರೆ ಬ್ಯಾಟರಿಯ ಸೆಲ್ಲು. ಅದಕ್ಕೇ ನಾನು ‘ಕಣ’ಕ್ಕೆ ಅಂಟಿಕೊಂಡೆ, ‘ಬಿಳಿ ರಕ್ತಕಣ’ ಜನರ ಬಾಯಲ್ಲಿ ಆಗಲೇ ಇದೆ. ಅದರಲ್ಲೂ ಒಂದು ಕೊಕ್ಕೆ ಇದೆ ಅನ್ನಿ. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿದದ್ದನ್ನೇ ನಮ್ಮವರು ‘ಬಿಳಿ ಕಣ ಕಡಿಮಿ ಆದವು’ ಅನ್ನುತ್ತಾರೆ. ಅವೆರಡೂ ಬೇರೆ ಬೇರೆ ಅಂತ ಎಷ್ಟು ಸಲ ಹೇಳಿದರೂ ಲ್ಯಾಬಿನ ಮುಂದಿನ ಸಾಲಿನಲ್ಲಿ ಅದೇ ಮಾತು.

‘ಸಂದೇಶವಾಹಕ’ ಅಂತ ಕೆಲವರು ಬರೆಯುತ್ತಾರೆ. ನನಗದು ಹಾರ್ಮೋನಿಗೆ ಹೊಂದುತ್ತದೆ. ಹಾರ್ಮೋನು ಅಂಚೆ ಇದ್ದ ಹಾಗೆ, ಒಂದು ಕಡೆ ಡಬ್ಬಿಗೆ ಹಾಕಿದ್ದು ರಕ್ತದ ದಾರಿ ಹಿಡಿದು ದೂರದ ಊರು ಮುಟ್ಟುತ್ತದೆ. ಹೆಚ್ಚಿನ ಸೈಟೋಕೈನ್‌ಗಳು ಬಿಟ್ಟ ಕಣದ ಅಕ್ಕಪಕ್ಕದಲ್ಲೇ ಕೆಲಸ ಮಾಡಿ ಮುಗಿಯುತ್ತವೆ. ಊರಲ್ಲಿ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದರಲ್ಲ, ಹಾಗೆ. ಆ ಓಣಿಯವರಿಗೆ ಕೇಳಿಸುತ್ತದೆ, ಅದರಲ್ಲೂ ಕಿವಿ ಇದ್ದವರಿಗೆ. ಇಲ್ಲಿ ಕಿವಿ ಅಂದರೆ ಕಣದ ಮೈಮೇಲಿನ ರಿಸೆಪ್ಟರ್. ಕೆಲವು ಮಾತ್ರ ಊರು ದಾಟುತ್ತವೆ. ಇಂಟರ್‌ಲ್ಯೂಕಿನ್-6 ಎಂಬುದು ಯಕೃತ್ತಿನ ತನಕ ಹೋಗಿ, ಮೈಯಲ್ಲಿ ಬಾವು ಇದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನು ಮಾಡಿಸುತ್ತದೆ. ಕೋವಿಡ್ ಕಾಲದಲ್ಲಿ ಆ ಸಿಆರ್‌ಪಿ ಚೀಟಿಯನ್ನು ಕೈಯಲ್ಲಿ ಹಿಡಿಯದ ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ. ಇಂಟರ್‌ಲ್ಯೂಕಿನ್-1ರ ಕೂಗು ಮಿದುಳಿಗೆ ಮುಟ್ಟಿದರೆ ಜ್ವರ. ಹಾಗಾಗಿ ಡಂಗುರವೂ ಪೂರ್ತಿ ಸರಿಯಲ್ಲ, ಅಂಚೆಗಿಂತ ವಾಸಿ.

ರುಮಟಾಯ್ಡ್ ಬೇನೆಯವರಲ್ಲಿ ಈ ಇಂಟರ್‌ಲ್ಯೂಕಿನ್-6 ನಸುಕಿನ ಹೊತ್ತಿಗೆ ಏರಿರುತ್ತದೆ. ಚಿಗವ್ವ ಹೇಳುವ “ಬೆಳಗಾಮುಂಜಾನೆ ಬಟ್ಟು ಮಡಚಂಗಿಲ್ಲ, ಬಿಸಲೇರಿದ ಮ್ಯಾಲೆ ಸಡಲಾಗ್ತಾವ” ಅನ್ನುವುದಕ್ಕೂ ಇದಕ್ಕೂ ನಂಟಿದೆ. ಇದನ್ನು ಹೇಳಿದಾಗ ಅವಳಿಗೆ ಎಲ್ಲಿಲ್ಲದ ಸಮಾಧಾನ. ಇಷ್ಟು ವರ್ಷ ಸೊಸೆಯಂದಿರ ಮುಂದೆ ಅದು ಮೈಗಳ್ಳತನವೆಂದು ಕಾಣುತ್ತಿತ್ತಂತೆ.

ಕೆಲಸ ನೋಡಿ ಹೆಸರಿಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಇಂಗ್ಲಿಷಿನವರೇ ಅದರಲ್ಲಿ ಬಿದ್ದಿದ್ದಾರೆ. 1975ರಲ್ಲಿ ಇಲಿಗಳ ಗಡ್ಡೆಯನ್ನು ಸಾಯಿಸುವ ವಸ್ತುವೊಂದು ಸಿಕ್ಕಿತು, ‘ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್’ ಅಂದರು. ಅದೇ ಟಿಎನ್ಎಫ್. ಬೇರೆ ಕಡೆ ಇನ್ನೊಂದು ತಂಡ, ರೋಗ ಬಿದ್ದ ಪ್ರಾಣಿಗಳ ಮೈ ಕರಗಿಸುವ ವಸ್ತುವೊಂದನ್ನು ಹುಡುಕಿ ‘ಕ್ಯಾಕೆಕ್ಟಿನ್’ ಅಂತ ಕರೆಯಿತು. 1985ರ ಹೊತ್ತಿಗೆ ನೋಡಿದರೆ ಎರಡೂ ಒಂದೇ. ಒಬ್ಬರಿಗೆ ಅದು ಗಡ್ಡೆ ಕೊಲ್ಲುವ ನಾಯಕ, ಇನ್ನೊಬ್ಬರಿಗೆ ಮೈ ಸವೆಸುವ ಖಳ. ಈಗ ಅದೇ ಟಿಎನ್ಎಫ್ ಹೆಚ್ಚು ಹೆಸರಾಗಿರುವುದು ಕೀಲುಬೇನೆಯಲ್ಲಿ. 1992ರಲ್ಲಿ ಲಂಡನ್ನಿನಲ್ಲಿ ಫೆಲ್ಡ್‌ಮನ್ ಮತ್ತು ಮೈನಿ ಅದನ್ನು ಕಟ್ಟಿಹಾಕುವ ಮದ್ದನ್ನು ರುಮಟಾಯ್ಡ್ ರೋಗಿಗಳಿಗೆ ಕೊಟ್ಟು ನೋಡಿದರು, ಬಾವು ಇಳಿಯಿತು. ಹೆಸರು ಮಾತ್ರ ಇನ್ನೂ ‘ಗಡ್ಡೆ’ಯದೇ. ಪತ್ರದಲ್ಲಿ ಇದನ್ನು ‘ಗಡ್ಡೆ ನಾಶಕ ಅಂಶ’ ಅಂತ ಅನುವಾದಿಸಿದ್ದರು. ಹಾಗೇ ಬಿಟ್ಟಿದ್ದರೆ ಕೀಲುಬೇನೆಗೆ ಬಂದವರು ತಮಗೆ ಕ್ಯಾನ್ಸರ್ ಇದೆ ಅಂತ ಮನೆಗೆ ಹೋಗಿ ಮಲಗುತ್ತಿದ್ದರು.

‘ಕ್ಯಾಕೆಕ್ಟಿನ್’ ಅಂದಾಗ ನನಗೆ ನಮ್ಮ ‘ಕ್ಷಯ’ ನೆನಪಾಯಿತು. ಸವೆಯುವುದೇ ಕ್ಷಯ. ಟಿಬಿಯಲ್ಲಿ ಮೈ ಕರಗುವುದರಲ್ಲಿ ಈ ಟಿಎನ್ಎಫ್‌ನ ಕೈ ಇದೆ. ಆದರೆ ಅದೇ ಟಿಎನ್ಎಫ್ ಟಿಬಿಯನ್ನು ಹಿಡಿದೂ ಇಟ್ಟಿರುತ್ತದೆ. ಪುಪ್ಪಸಕ್ಕೆ ಹೊಕ್ಕ ಟಿಬಿ ರೋಗಾಣುವಿನ ಸುತ್ತ ಬಿಳಿ ಕಣಗಳು ಒತ್ತೊತ್ತಾಗಿ ಸೇರಿ ಗಂಟು ಕಟ್ಟುತ್ತವೆ. ಗ್ರಾನ್ಯುಲೋಮ ಅನ್ನುತ್ತಾರೆ, ಮೂಲದಲ್ಲಿ ‘ಕಾಳು’ ಅಂತ. ಹೊಲಕ್ಕೆ ಒಡ್ಡು ಹಾಕಿದ ಹಾಗೆ. ಆ ಒಡ್ಡು ಕುಸಿಯದಂತೆ ನೋಡಿಕೊಳ್ಳುವವರಲ್ಲಿ ಟಿಎನ್ಎಫ್ ಮುಖ್ಯ. ಕೀಲಿಗೆಂದು ಟಿಎನ್ಎಫ್ ಕಟ್ಟಿಹಾಕಿದರೆ ಎದೆಯಲ್ಲಿ ಒಡ್ಡು ಸಡಿಲವಾಗಿ, ಬೂದಿ ಮುಚ್ಚಿದ ಕೆಂಡದಂತಿದ್ದ ಟಿಬಿ ಏಳಬಹುದು. 2001ರಲ್ಲಿ ಇಂಥ ರೋಗಿಗಳ ವರದಿ ಬಂದ ಮೇಲೆ, ಆ ಸೂಜಿ ಮಾಡುವ ಮೊದಲು ಟಿಬಿ ಇದೆಯೇ ಅಂತ ನೋಡುವುದು ರೂಢಿಯಾಯಿತು. ಪತ್ರದಲ್ಲಿ ‘ಸುಪ್ತ ಕ್ಷಯ’ ಅಂತಿದ್ದುದನ್ನು ನಾನು ‘ಬೂದಿ ಮುಚ್ಚಿದ ಟಿಬಿ’ ಮಾಡಿದ್ದೇನೆ. ಇದಕ್ಕೆ ಯಾರದ್ದಾದರೂ ತಕರಾರಿದ್ದರೆ ಹೇಳಿ, ಆದರೆ ನಾನು ಬಿಟ್ಟುಕೊಡುವವನಲ್ಲ.

ಕಾಳಿನ ಮಾತು ಬಂತು, ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಒಡ್ಡು ಒಡೆದು ಟಿಬಿ ಮೈಯೆಲ್ಲ ಹರಡಿದರೆ ‘ಮಿಲಿಯರಿ’ ಅನ್ನುತ್ತಾರೆ. ‘ಮಿಲಿಯಂ’ ಅಂದರೆ ಬರಗಿನಂಥ ಸಣ್ಣ ಕಾಳು. ಎಕ್ಸ್‌ರೇಯಲ್ಲಿ ಎದೆಯ ತುಂಬ ಕಾಳು ಚೆಲ್ಲಿದಂತೆ ಕಾಣುತ್ತದೆ. ಬರಗು, ನವಣೆ ಬೆಳೆದ ನಾಡಿನಲ್ಲಿ ನಾವಿದನ್ನು ‘ಮಿಲಿಯರಿ’ ಅಂತ ಬರೆದು, ಓದುವವರು ‘ಮಿಲಿಟರಿ’ ಅಂತ ಓದಿ, ಎಲ್ಲಿಗೋ ಹೋಗುತ್ತೇವೆ.

‘ಇಂಟರ್‌ಲ್ಯೂಕಿನ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ ಕಣಗಳ ನಡುವಿನದು ಅಂತ ಅರ್ಥ. 1979ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಸಭೆಯಲ್ಲಿ, ಒಂದೇ ವಸ್ತುವಿಗೆ ಹತ್ತು ಹೆಸರಾಗಿ ಯಾರಿಗೂ ಯಾರ ಮಾತೂ ತಿಳಿಯದಂತಾದಾಗ, ಈ ಹೆಸರಿಟ್ಟು ಮುಂದೆ ನಂಬರು ಹಾಕೋಣ ಅಂತ ಒಪ್ಪಿಕೊಂಡರು. ನಂಬರು ಹಾಕಿದ್ದು ಜಾಣತನ. ಅದನ್ನು ಕನ್ನಡಿಸಬೇಡಿ ಅನ್ನುವುದು ನನ್ನ ಮನವಿ. ಬಿಳಿ ಕಣಗಳಲ್ಲೇ ಎರಡು ಬಗೆಯಾದ ಬಿ ಕಣದ ‘ಬಿ’, ಟಿ ಕಣದ ‘ಟಿ’ ಕೂಡ ಹಾಗೇ ಇರಲಿ. ಆ ‘ಬಿ’ ಬಂದದ್ದು ಕೋಳಿಯ ಹಿಂಭಾಗದಲ್ಲಿರುವ ಬರ್ಸಾ ಎಂಬ ಚೀಲದಿಂದ, ‘ಟಿ’ ಎದೆಗೂಡಿನ ಥೈಮಸ್ ಎಂಬ ಗ್ರಂಥಿಯಿಂದ. ಕೋಳಿಯ ಆ ಭಾಗದ ಹೆಸರು ಹಿಡಿದು ಕನ್ನಡ ಪದ ಕಟ್ಟಲು ಹೊರಟರೆ ಏನಾದೀತು ಅಂತ ನೀವೇ ಊಹಿಸಿ. ರೋಗಾಣುಗಳನ್ನು ನುಂಗುವ ಬಿಳಿ ಕಣವಾದ ‘ಮ್ಯಾಕ್ರೋಫೇಜ್’ಗೆ ‘ಮಹಾಭಕ್ಷಕ’ ಅಂತ ಯಾರೋ ಮಾಡಿದ್ದಾರೆ, ಬಕಾಸುರನ ತಮ್ಮನಂತೆ ಕೇಳುತ್ತದೆ, ಆದರೆ ಮಕ್ಕಳಿಗೆ ಪಾಠ ಮಾಡುವಾಗ ಅದೇ ಗೆಲ್ಲುತ್ತದೆ.

ಹೆಚ್ಚು ತಲೆ ಕೆಡಿಸಿದ್ದು ‘ಸೈಟೋಕೈನ್ ಸ್ಟಾರ್ಮ್’. 1993ರಲ್ಲಿ, ಬೇರೆಯವರ ಮಜ್ಜೆ ಹಾಕಿಸಿಕೊಂಡವರಲ್ಲಿ ಆಗುವ ಒಂದು ತೊಂದರೆಯ ಬಗ್ಗೆ ಬರೆಯುವಾಗ ಬಳಸಿದ ಮಾತು, ಕೋವಿಡ್‌ನಲ್ಲಿ ಮನೆಮಾತಾಯಿತು. ಕನ್ನಡದಲ್ಲಿ ‘ಸೈಟೋಕೈನ್ ಬಿರುಗಾಳಿ’, ‘ಚಂಡಮಾರುತ’ ಎರಡೂ ಓದಿದ್ದೇನೆ. ಚಂಡಮಾರುತ ನಮಗೆ ಬಂಗಾಳಕೊಲ್ಲಿಯ ಸುದ್ದಿ, ಹೊರಗಿನಿಂದ ಬರುವಂಥದ್ದು, ಬಂದರೆ ಯಾರೂ ತಡೆಯಲಾಗದ್ದು. ಸೈಟೋಕೈನ್ ಏಳುವುದು ಒಳಗಿನಿಂದ, ಮತ್ತು ಅದಕ್ಕೆ ತಡೆ ಇದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಕೋವಿಡ್ ಔಷಧ ಪ್ರಯೋಗದಲ್ಲಿ, ಡೆಕ್ಸಾಮೆಥಾಸೋನ್ ಎಂಬ ಹಳೆಯ ಅಗ್ಗದ ಸ್ಟಿರಾಯ್ಡು ವೆಂಟಿಲೇಟರ್ ಮೇಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ವೈರಸ್ಸನ್ನು ಅದು ಮುಟ್ಟಲಿಲ್ಲ. ಅತಿಯಾದ ಕಾವಲನ್ನು ತಗ್ಗಿಸಿತು. ಬಿರುಗಾಳಿಗೆ ಯಾರಾದರೂ ಗುಳಿಗೆ ಕೊಡುತ್ತಾರೆಯೇ?

ನಮ್ಮ ಕಡೆಯವರಿಗೆ ಇದನ್ನು ಹೇಳಲು ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನೀರು ಬೇಡ ಅಂದವರು ಯಾರು? ನಮ್ಮ ಸಿಂಧನೂರು, ಗಂಗಾವತಿಯ ಭತ್ತ ನಿಂತಿರುವುದೇ ಎಡದಂಡೆ ಕಾಲುವೆಯ ನೀರಿನ ಮೇಲೆ. ಗೇಟು ಇದ್ದು ಬಿಟ್ಟರೆ ಬೆಳೆ, ಗೇಟು ಕಿತ್ತು ಹರಿದರೆ ಹೊಳೆಪಾತ್ರದ ಊರುಗಳಿಗೆ ನಿದ್ದೆಯಿಲ್ಲ, ಮುಂದೆ ಕಾಲುವೆಗೂ ನೀರಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಅಡ್ಡತಡೆಗಳನ್ನು ಇಳಿಸಿ ಒಂದು ವಾರದಲ್ಲಿ ತಡೆದರು. ಸೈಟೋಕೈನ್ ಕತೆಯೂ ಇದೇ. ‘ಕೋಡಿ ಬಿತ್ತು’ ಅನ್ನೋಣವೆಂದರೆ ಕೆರೆ ಕೋಡಿ ಬಿದ್ದರೆ ನಾವು ಬಾಗಿನ ಬಿಡುತ್ತೇವೆ, ಶುಭದ ಮಾತು. ‘ಕಟ್ಟೆ ಒಡೆಯಿತು’ ಸರಿಹೊಂದುತ್ತದೆ. ‘ಸೈಟೋಕೈನ್ ಕಟ್ಟೆಯೊಡೆತ’. ಬಾಯಲ್ಲಿ ಹೇಳಿ ನೋಡಿ, ಎಡವುತ್ತದೆಯೇ?

‘ಇನ್‌ಫ್ಲಮೇಶನ್’ಗೆ ‘ಉರಿಯೂತ’ ಒಳ್ಳೆಯ ಪದ ಅಂತಲೇ ನನ್ನ ನಂಬಿಕೆ. ರೋಮಿನ ಸೆಲ್ಸಸ್ ಮೊದಲ ಶತಮಾನದಲ್ಲಿ ಹೇಳಿದ ಕೆಂಪು, ಬಾವು, ಬಿಸಿ, ನೋವು ಎಂಬ ನಾಲ್ಕರಲ್ಲಿ ಎರಡು ಅದರ ಹೊಟ್ಟೆಯಲ್ಲೇ ಇವೆ. ಆದರೆ ಚಿಗವ್ವ ಆ ಪದ ಕೇಳಿದವಳೇ ಅಲ್ಲ. ಅವಳ ಪದ ‘ನಂಜು’. “ಬದನಿಕಾಯಿ ತಿಂದ್ರ ನಂಜು ಏರ್ತದ.” ಗಾಯ ಕೀವಾದರೂ ನಂಜು, ಮೈ ತುರಿಸಿದರೂ ನಂಜು, ಕೀಲು ಬಾತರೂ ನಂಜು. ವೈದ್ಯಶಾಸ್ತ್ರ ಇವತ್ತು ಒಂದೇ ಸೈಟೋಕೈನ್ ಬಲೆಯಲ್ಲಿ ಕಾಣುವ ಹಲವನ್ನು ಅವಳು ಒಂದೇ ಪದದಲ್ಲಿ ಹಿಡಿದಿದ್ದಾಳೆ. ಬದನೆಕಾಯಿಯ ಮಾತು ಬಿಡಿ. ತೊಡಕು ಏನೆಂದರೆ ನಂಜು ಅಂದರೆ ವಿಷವೂ ಹೌದು, ನಂಜುನಿರೋಧಕದ ನಂಜು ರೋಗಾಣುವಿನದು. ರುಮಟಾಯ್ಡ್‌ನಲ್ಲಿ ರೋಗಾಣುವೂ ಇಲ್ಲ, ವಿಷವೂ ಇಲ್ಲ. ಬಳಸಲೋ ಬಿಡಲೋ ತೀರ್ಮಾನವಾಗಿಲ್ಲ.

ಕೊನೆಗೆ ಸೈಟೋಕೈನ್ ಅನ್ನು ಸೈಟೋಕೈನ್ ಆಗಿಯೇ ಇಟ್ಟು, ಅದು ಮಾಡುವ ಕೆಲಸವನ್ನು ಮಾತ್ರ ಕನ್ನಡದ ಕ್ರಿಯಾಪದಗಳಲ್ಲಿ ಬರೆದೆ. ಈಗಿನ ಕರಡು ಇದು:

“ನಮ್ಮ ಮೈಯ ಕಾವಲಿಗೆ ರಕ್ತದಲ್ಲಿ ಬಿಳಿ ಕಣಗಳಿವೆ. ರೋಗಾಣು ಕಂಡಾಗ ಅವು ಒಂದನ್ನೊಂದು ಕೂಗಿ ಕರೆಯುತ್ತವೆ. ಈ ಕೂಗು ಅಂದರೆ ಸೈಟೋಕೈನ್ ಎಂಬ ಪ್ರೋಟೀನು. ಕೆಲಸ ಮುಗಿದ ಮೇಲೆ ‘ಸಾಕು’ ಎನ್ನುವ ಸೈಟೋಕೈನ್‌ಗಳೂ ಇವೆ. ನಿಮ್ಮ ಕೀಲುಗಳಲ್ಲಿ ರೋಗಾಣು ಇಲ್ಲದಿದ್ದರೂ ಕೂಗು ನಿಂತಿಲ್ಲ. ಯಾವ ಕಣ ಯಾವ ಕೂಗು ಹಾಕುತ್ತಿದೆ ಎಂದು ತಿಳಿಯಲು ನಿಮ್ಮ ರಕ್ತ ಬೇಕಾಗಿದೆ.”

ಓದಿದೆ. ಚಿಗವ್ವ ಮೊರ ಕೆಳಗಿಟ್ಟಳು.

“ಅಂದ್ರ ರಾತ್ರಿ ನಾಯಿ ಬೊಗಳಿದಂಗ ಅನ್ನು. ಒಂದು ಬೊಗಳಿದ್ರ ಊರ ನಾಯಿ ಎಲ್ಲ ಬೊಗಳ್ತಾವಲ್ಲ. ಹಿಂದಿನವಕ್ಕ ಕಳ್ಳ ಕಂಡಿರಂಗಿಲ್ಲ, ಮುಂದಿಂದು ಬೊಗಳ್ತು ಅಂತ ಬೊಗಳ್ತಾವ.”

ನಾಲ್ಕು ಪುಟದಲ್ಲಿ ನನಗೆ ಬಾರದ್ದು ಅವಳಿಗೆ ಒಂದು ಮಾತಿನಲ್ಲಿ ಬಂತು. ಹೌದು ಅಂದೆ.

“ಮತ್ತ ಕಳ್ಳ ಯಾರು?”

“ಕಳ್ಳ ಇಲ್ಲ ಚಿಗವ್ವ.”

“ಇಲ್ಲಂದ್ರ ಮೊದಲನೇ ನಾಯಿ ಯಾಕ ಬೊಗಳ್ತೋ?”

ಬೀಡಿ ಸಿಗರೇಟಿನಿಂದ ಇದರ ಅಪಾಯ ಹೆಚ್ಚು, ಮನೆತನದಲ್ಲಿ ಬರುವ ಕೆಲವು ಜೀನುಗಳಿಂದಲೂ ಹೆಚ್ಚು ಅಂತ ಹೇಳಿದೆ. ಅವಳು ಬೀಡಿ ಸೇದಿದವಳಲ್ಲ, ಅವರ ಮನೆತನದಲ್ಲಿ ಈ ಬ್ಯಾನಿ ಇದ್ದವರಿಲ್ಲ. “ಅದನ್ನ ನೋಡಾಕ ರಕ್ತ ಕೇಳ್ತಾರೇನು? ಹಂಗಿದ್ರ ಬರ್ಕೋ ನನ್ನ ಹೆಸರು” ಅಂದು ಮತ್ತೆ ಮೊರ ಎಳೆದುಕೊಂಡಳು.

ಬಳಗದವರಲ್ಲಿ ನಾನು ಕೇಳುವುದು ಇವು. ‘ಮೈಗಾವಲು’ ನಿಮ್ಮ ಕಡೆ ಅಂಗರಕ್ಷಕನೆಂದೇ ಕೇಳುತ್ತದೆಯೇ, ಅಥವಾ ನಾನು ಬಳಸಿದ ಅರ್ಥಕ್ಕೆ ಬಗ್ಗುತ್ತದೆಯೇ? ‘ನಂಜು’ ಕರಾವಳಿಯಲ್ಲಿ, ಹಳೆ ಮೈಸೂರಿನ ಕಡೆ ಕೀಲು ಬಾವಿಗೂ ಅನ್ನುತ್ತಾರೋ, ಬರೀ ಗಾಯಕ್ಕೋ? ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ, ನಿಘಂಟು ನನ್ನ ಹತ್ತಿರವೂ ಇದೆ. ಇನ್ನೊಂದು, ಸಂಶೋಧನೆಯ ಒಪ್ಪಿಗೆ ಪತ್ರದಲ್ಲಿ ರೋಗಿಯ ರಕ್ತಕಣವನ್ನು ನಾಯಿಗೆ ಹೋಲಿಸಿದರೆ ಜನ ಬೇಜಾರು ಮಾಡಿಕೊಂಡಾರೇ? ನೈತಿಕ ಸಮಿತಿಯವರು ಖಂಡಿತ ಹೊಡೆದುಹಾಕುತ್ತಾರೆ ಅಂತ ನನ್ನ ಗುಮಾನಿ. ಆದರೂ ಕರಡು ಕೊಡಲು ಮುಂದಿನ ಸೋಮವಾರದ ತನಕ ಸಮಯವಿದೆ. ಅಷ್ಟರೊಳಗೆ ಯಾರಾದರೂ ಒಬ್ಬರು ಹ್ಞೂಂ ಅಂದರೂ ಸಾಕು, ಆ ನಾಯಿಯ ಸಾಲು ಸೇರಿಸಿಯೇ ಕಳಿಸುತ್ತೇನೆ.